ಮೆಲುಕು ನಿಲ್ಲಿಸು ಅಂತ ಹೇಳೋರು ಯಾರು?

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹೊಟ್ಟೆಯದ್ದೇ. ಸುಗ್ಗಿ ಮುಗಿಯಿತು ಅಂದರೆ ಹೀಗೇ. ಕಾರಟಗಿ, ಗಂಗಾವತಿ ಕಡೆ ಭತ್ತ ಕೊಯ್ದ ಗದ್ದೆಗೆ, ಕುಷ್ಟಗಿ, ಯಲಬುರ್ಗಾ ಕಡೆ ಮೆಕ್ಕೆಜೋಳದ ಹೊಲಕ್ಕೆ ಕುರಿ ಇಳಿಯುತ್ತವೆ. ನನ್ನ ಫೋನು ಬಡಿದುಕೊಳ್ಳೋಕೆ ಶುರುವಾಗುತ್ತೆ. ಪಶುವೈದ್ಯ ನೌಕರಿಯಿಂದ ನಿವೃತ್ತನಾಗಿ ಕೊಪ್ಪಳದಲ್ಲಿ ಕೂತಿದ್ದರೂ ಬೆಳಿಗ್ಗೆ ಚಹಾ ಮುಗಿಯೋದ್ರೊಳಗೆ ಎರಡು ಹಟ್ಟಿಯ ಸುದ್ದಿ ಕೇಳಿರುತ್ತೇನೆ. ಹಾಗಾಗಿ ಈ ಸಲ ಹೊಟ್ಟೆ, ಕರುಳು ಅಷ್ಟೇ. ಕಾಲುಬೇನೆ, ಉಣ್ಣೆ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡೆಯಿರಿ.

ಪ್ರಶ್ನೆ: ನಮ್ಮ ಹಿಂಡಿನ ಆರು ಕೆಂಗುರಿಗಳು ರಾತ್ರಿ ತಪ್ಪಿಸಿಕೊಂಡು ಮೆಕ್ಕೆಜೋಳದ ರಾಶಿಗೆ ಬಾಯಿ ಹಾಕಿದ್ದವು. ಬೆಳಿಗ್ಗೆ ಒಂದೂ ಮೆಲುಕು ಹಾಕಲಿಲ್ಲ. ಸಂಜೆಗೆ ಹುಳಿ ವಾಸನೆಯ ನೀರು ಭೇದಿ. ಒಬ್ಬರು ಹೇಳಿದರೆಂದು ಎಣ್ಣೆ ಕುಡಿಸಿದೆವು. ಎರಡು ಸತ್ತವು. ಹೊಟ್ಟೆ ತುಂಬ ತಿಂದ ಕುರಿ ಮೆಲುಕು ಹಾಕೋದು ಬಿಟ್ಟು ಸುಮ್ಮನೆ ನಿಲ್ಲೋದು ಯಾಕೆ? ಅದಕ್ಕೆ ನಿಲ್ಲು ಅಂತ ಹೇಳೋರು ಯಾರು?
— ಕುರಿ ಸಾಕಣೆದಾರರು, ಕುಷ್ಟಗಿ ತಾಲ್ಲೂಕು

ಉತ್ತರ: ಎರಡು ಕುರಿ ಹೋದ ಮೇಲೂ "ಯಾಕೆ" ಅಂತ ಕೇಳಿದಿರಲ್ಲ, ಅದಕ್ಕೆ ನಿಮ್ಮ ಪತ್ರವನ್ನೇ ಮೊದಲು ತಗೊಂಡೆ.

ಓದುವಾಗ ನಮ್ಮ ಕಾಲೇಜಿನಲ್ಲಿ ಒಂದು ಕುರಿ ಇತ್ತು. ಅದರ ಎಡ ಪಕ್ಕೆಯಲ್ಲಿ ಆಪರೇಷನ್ ಮಾಡಿ ರಬ್ಬರ್ ಬಿರಡೆಯ ಕಿಂಡಿ ಇಟ್ಟಿದ್ದರು. ಬಿರಡೆ ತೆಗೆದರೆ ನೇರ ದೊಡ್ಡ ಹೊಟ್ಟೆ, ಕುರಿಯ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದು. ಮೇಷ್ಟ್ರು ಒಬ್ಬೊಬ್ಬರಿಗೂ ಎರಡು ಬೆರಳು ಒಳಗೆ ಹಾಕೋಕೆ ಹೇಳಿದರು. ಒಳಗೆ ಬಿಸಿ, ನಮ್ಮ ಮೈಗಿಂತ ಜಾಸ್ತಿ. ಟವೆಲ್ಲಿನ ಹಾಗೆ ಒರಟೊರಟು ಗೋಡೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಇಡೀ ಗೋಡೆ ಬಂದು ಬೆರಳನ್ನು ಮೆಲ್ಲಗೆ ಒತ್ತಿ ಹೋಯಿತು. ಕುರಿ ಮಾತ್ರ ತನ್ನ ಪಾಡಿಗೆ ಹುಲ್ಲು ಅಗಿಯುತ್ತಿತ್ತು. ಆ ಒತ್ತು ನನಗೆ ಇವತ್ತಿಗೂ ನೆನಪಿದೆ.

ಒಳ್ಳೆ ಆರೋಗ್ಯದ ಕುರಿಯಲ್ಲಿ ಈ ಒತ್ತು ನಿಮಿಷಕ್ಕೆ ಒಂದು ಎರಡು ಸಲ ಬರುತ್ತೆ. ಕಿಂಡಿ ಬೇಕಿಲ್ಲ. ಎಡ ಪಕ್ಕೆಯಲ್ಲಿ, ಕೊನೆ ಪಕ್ಕೆಲುಬಿನ ಹಿಂದೆ ಇರೋ ಕುಳಿಯಲ್ಲಿ ಮುಷ್ಟಿ ಒತ್ತಿ ಹಿಡಿಯಿರಿ. ಕೈಯನ್ನು ಒಳಗಿನಿಂದ ಯಾರೋ ಎತ್ತಿದ ಹಾಗೆ ಆಗುತ್ತೆ. ಐದು ನಿಮಿಷ ಗಡಿಯಾರ ನೋಡಿ ಎಣಿಸಿ. ಐದೂ ಬರಲಿಲ್ಲ ಅಂದರೆ ಹೊಟ್ಟೆ ಮಂದವಾಗಿದೆ. ಏನೂ ಬರಲಿಲ್ಲ ಅಂದರೆ ನಿಂತೇ ಹೋಗಿದೆ.

ಈ ದೊಡ್ಡ ಹೊಟ್ಟೆ ತಾನಾಗಿ ಮಿಡಿಯೋದಿಲ್ಲ. ಮಿದುಳಿನ ಬುಡದಿಂದ ವೇಗಸ್ ಅನ್ನೋ ನರ ಬಂದು ಅಪ್ಪಣೆ ಕೊಡಬೇಕು. ಆ ನರ ಕತ್ತರಿಸಿದರೆ ಹೊಟ್ಟೆ ನಿಲ್ಲುತ್ತೆ. ಎದೆ ಗುಂಡಿಗೆ ಹಾಗಲ್ಲ, ನರ ಕತ್ತರಿಸಿದರೂ ಬಡೀತಾ ಇರುತ್ತೆ. ಅಂದರೆ ಇಲ್ಲಿ ಹಗ್ಗ ನರದ ಕೈಯಲ್ಲಿದೆ. ಹಾರ್ಮೋನ್‌ಗಳದ್ದು ಚೀಟಿ ಕಳಿಸೋ ಕೆಲಸ. ಕರುಳಿನ ಗೋಡೆಯಿಂದ ರಕ್ತಕ್ಕೆ ಇಳಿದು, ಸುತ್ತಿ ಬಂದು, "ಇಲ್ಲಿ ಸಾಕಾಗಿದೆ, ಮೇಲಿಂದ ಕಳಿಸೋದು ನಿಧಾನ ಮಾಡು" ಅಂತ ಹೇಳುತ್ತವೆ.

ಈಗ ನಿಮ್ಮ ಆರು ಕುರಿ. ಮೆಕ್ಕೆಜೋಳ ಅಂದರೆ ಹಿಟ್ಟು. ಆ ಹಿಟ್ಟಿನ ಮೇಲೆ ಹೊಟ್ಟೆಯೊಳಗಿನ ಕೆಲವು ಬ್ಯಾಕ್ಟೀರಿಯಾ ಮುಗಿಬಿದ್ದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಮೊಸರು ಹುಳಿಯಾಗೋದೂ ಇದೇ ಆಮ್ಲದಿಂದ. ಆರರ ಮೇಲಿರಬೇಕಾದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) ಐದಕ್ಕಿಂತ ಕೆಳಗೆ ಬೀಳುತ್ತೆ. ಅಷ್ಟು ಹುಳಿಯನ್ನು ಹೊಟ್ಟೆಯ ಗೋಡೆ ತಡೆಯೋದಿಲ್ಲ. ಅಲ್ಲಿಂದ ನರದ ಮೂಲಕ ದೂರು ಹೋಗುತ್ತೆ, ಹೊಟ್ಟೆ ನಿಲ್ಲುತ್ತೆ. ಹುಳಿ ಮುಂದಿನ ಕರುಳಿಗೆ ಇಳಿದರೆ ಅಲ್ಲಿಂದಲೂ ಚೀಟಿ ಬರುತ್ತವೆ. ನೋವು, ಗಾಬರಿಗೆ ಏರೋ ಅಡ್ರಿನಲಿನ್ ಬೇರೆ. ಅದೂ ಹೊಟ್ಟೆ ನಿಲ್ಲಿಸೋ ಕಡೆಯದ್ದೇ. ಮೈಯೊಳಗಿನ ನೀರು ಹೊಟ್ಟೆಗೆ ಸೋರುತ್ತೆ. ನೀವು ನೋಡಿದ ಭೇದಿ ಆ ನೀರು. ಒಟ್ಟಿನಲ್ಲಿ ನಿಮ್ಮ ಕುರಿಗೆ ನಿಲ್ಲು ಅಂದವರು ಮೂರು ಮಂದಿ: ನರ, ಕರುಳಿನ ಚೀಟಿ, ಅಡ್ರಿನಲಿನ್.

ಜೊಲ್ಲಿನ ಲೆಕ್ಕವೂ ಹೇಳಿಬಿಡ್ತೀನಿ, ನನಗೆ ತುಂಬ ಇಷ್ಟವಾದ ಲೆಕ್ಕ ಅದು. ಕುರಿ ದಿನಕ್ಕೆ 6ರಿಂದ 16 ಲೀಟರ್ ಜೊಲ್ಲು ನುಂಗುತ್ತೆ. ಅದರಲ್ಲಿ ಅಡುಗೆ ಸೋಡಾದ ಅಂಶವೇ ಇರೋದು. ಹತ್ತು ಲೀಟರ್ ಅಂದುಕೊಂಡರೂ 80 ಗ್ರಾಂ ಹತ್ತಿರ ಸೋಡಾ ಆಯಿತು. ಯಾರೂ ಅಂಗಡಿಯಿಂದ ತಂದಿದ್ದಲ್ಲ, ಕುರಿಯ ಸ್ವಂತದ್ದು. ಆದರೆ ಅದು ಜಾಸ್ತಿ ಬರಬೇಕಾದರೆ ಅಗಿಯಬೇಕು. ಕಣಿಕೆ, ಹೊಟ್ಟು, ಹುಲ್ಲು ಅಗಿಸುತ್ತವೆ. ಕಾಳು ಹಾಗಲ್ಲ, ಗಬಗಬ ಒಳಗೆ ಹೋಗುತ್ತೆ. ಆಮ್ಲ ಜಾಸ್ತಿಯಾದ ದಿನವೇ ಸೋಡಾ ಕಡಿಮೆ!

ಎಣ್ಣೆ ವಿಷಯಕ್ಕೆ ನಿಮ್ಮನ್ನು ಬೈಯೋ ಹಕ್ಕು ನನಗಿಲ್ಲ. ನೌಕರಿಯ ಹೊಸತು. ಒಂದು ಹಟ್ಟಿಯಲ್ಲಿ ಇಂಥದ್ದೇ ಕುರಿಗೆ ನಾನೇ ತಲೆ ಮೇಲೆತ್ತಿ ಬಾಟಲಿಯಿಂದ ಎಣ್ಣೆ ಸುರಿದೆ. ಒಂದು ಸಲ ಕೆಮ್ಮಿತು. ಮುದುಕ ಯಜಮಾನ "ಸಾಹೇಬ್ರ, ಗಂಟಲಾಗ ಹೋತು ನೋಡ್ರಿ" ಅಂದ. ಏನೂ ಆಗಲ್ಲ ಅಂದೆ. ಮೂರನೇ ದಿನ ಸತ್ತಿತು. ಕೊಯ್ದು ನೋಡಿದರೆ ಎಣ್ಣೆ ಶ್ವಾಸಕೋಶದಲ್ಲಿತ್ತು. ಹೊಟ್ಟೆ ಹುಳಿಯಾದಾಗ ಎಣ್ಣೆಯಿಂದ ಲಾಭವೂ ಇಲ್ಲ. ಕೊಬ್ಬು ಕರುಳಿಗೆ ಇಳಿದರೆ ಅಲ್ಲಿಂದ ಬರೋದು ಇನ್ನೊಂದು "ನಿಲ್ಲು" ಚೀಟಿ. ಅದರ ಹೆಸರು ಕೊಲಿಸಿಸ್ಟೋಕೈನಿನ್. ಉದ್ದ ಹೆಸರು, ಸಿಸಿಕೆ ಅನ್ನೋಣ. ಮುಂದಿನ ಉತ್ತರದಲ್ಲಿ ಮತ್ತೆ ಸಿಗುತ್ತೆ.

ಮಾಡಬೇಕಾದ್ದು ಇಷ್ಟು. ಕಾಳಿನ ಹತ್ತಿರದಿಂದ ಕೂಡಲೇ ಬಿಡಿಸಿ. ಒಣ ಮೇವು ಮಾತ್ರ ಮುಂದೆ ಇಡಿ. ನಿಂತುಕೊಂಡು ನುಂಗೋ ಶಕ್ತಿ ಇದ್ದರೆ 15-20 ಗ್ರಾಂ ಅಡುಗೆ ಸೋಡಾ ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ, ತಲೆ ಎತ್ತದೆ, ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಬಿಡಿ. ಬಿದ್ದ ಕುರಿಗೆ ಬಾಯಿಂದ ಏನೂ ಬೇಡ, ಅದಕ್ಕೆ ರಕ್ತನಾಳಕ್ಕೆ ಸಲೈನ್ ಬೇಕು. ತಿಂದದ್ದು ಗೊತ್ತಾದ ಗಳಿಗೆಯಲ್ಲೇ ಡಾಕ್ಟರಿಗೆ ಫೋನ್ ಮಾಡಿ. ಭೇದಿ ಶುರುವಾಗಲಿ ನೋಡೋಣ ಅಂತ ಕಾಯಬೇಡಿ. ಆಗ ಅರ್ಧ ದಾರಿ ದಾಟಿರುತ್ತೆ. ಇನ್ನೊಂದು, ಹೀಗೆ ಕಾಳು ತಿಂದ ಕುರಿಗಳಲ್ಲಿ ಕರುಳುಬೇನೆಯೂ (ಎಂಟರೊಟಾಕ್ಸೀಮಿಯಾ ಅನ್ನೋ ರೋಗ) ಎದ್ದು ಬರುತ್ತೆ. ಅದರ ಲಸಿಕೆ ಮಳೆಗಾಲಕ್ಕೆ ಮುಂಚೆ ಹಾಕಿಸಿದ್ದೀರಾ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಪುಸ್ತಕದಲ್ಲಿ ಹೊಟ್ಟೆಗೆ ಊಟ ಬಿದ್ದಾಗ ಗ್ಯಾಸ್ಟ್ರಿನ್, ಕರುಳಿಗೆ ಆಮ್ಲ ಬಂದಾಗ ಸೆಕ್ರೆಟಿನ್, ಕೊಬ್ಬು ಬಂದಾಗ ಸಿಸಿಕೆ ಬರುತ್ತದೆ ಎಂದಿದೆ. ನಮ್ಮ ಮನೆಯ ಕುರಿ ಬೆಳಿಗ್ಗೆಯಿಂದ ಸಂಜೆವರೆಗೆ ತಿನ್ನುತ್ತೆ, ರಾತ್ರಿ ಮೆಲುಕು ಹಾಕುತ್ತೆ. ಹಾಗಾದರೆ ಇವೆಲ್ಲ ಯಾವಾಗಲೂ ಬರ್ತಾನೇ ಇರ್ತಾವಾ ಸರ್?
— ಪಿಯುಸಿ ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ತಂಗೆವ್ವ, ಪುಸ್ತಕ ಒಂದು ಕಡೆ, ಮನೆಯ ಕುರಿ ಒಂದು ಕಡೆ ಇಟ್ಟು ನೋಡಿದ್ದೀಯಲ್ಲ, ಶಭಾಷ್. ಉತ್ತರ: ಹೌದು, ಹೆಚ್ಚುಕಡಿಮೆ ಯಾವಾಗಲೂ.

ನಿಮ್ಮ ಪುಸ್ತಕದ ಕಥೆ ಶುರುವಾಗಿದ್ದು ನಾಯಿಯಿಂದ. 1902ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅನ್ನೋ ಇಬ್ಬರು ನಾಯಿಯ ಸಣ್ಣಕರುಳಿನ ಒಂದು ತುಂಡಿಗೆ ಹೋಗೋ ನರಗಳನ್ನೆಲ್ಲ ಬಿಡಿಸಿದರು. ರಕ್ತನಾಳ ಮಾತ್ರ ಉಳಿಸಿದರು. ಆ ತುಂಡಿಗೆ ಆಮ್ಲ ಹಾಕಿದಾಗ ದೂರದ ಮೇದೋಜೀರಕ ಗ್ರಂಥಿಯಿಂದ ರಸ ಹರಿಯಿತು. ನರ ಇಲ್ಲ, ಆದರೂ ಸುದ್ದಿ ಮುಟ್ಟಿತು. ಹಾಗಾದರೆ ರಕ್ತದಲ್ಲೇ ಹೋಗಿರಬೇಕು ಅಲ್ವಾ? ಆ ಕರುಳಿನ ಒಳಪದರ ಕೆರೆದು, ಆಮ್ಲದಲ್ಲಿ ಅರೆದು, ಸೋಸಿ, ರಕ್ತಕ್ಕೆ ಚುಚ್ಚಿದರು. ಮತ್ತೆ ರಸ ಹರಿಯಿತು. ಅದಕ್ಕೆ ಸೆಕ್ರೆಟಿನ್ ಅಂತ ಹೆಸರಿಟ್ಟರು. "ಹಾರ್ಮೋನ್" ಅನ್ನೋ ಪದವನ್ನು ಸ್ಟಾರ್ಲಿಂಗ್ ಬಳಸಿದ್ದು ಮೂರು ವರ್ಷ ಬಿಟ್ಟು, 1905ರಲ್ಲಿ. ಅದೇ ವರ್ಷ ಎಡ್ಕಿನ್ಸ್ ಅನ್ನೋರು ಗ್ಯಾಸ್ಟ್ರಿನ್ ಸುದ್ದಿ ಹೇಳಿದರು. ಸಿಸಿಕೆ ಬಂದಿದ್ದು 1928ರಲ್ಲಿ.

ನಾಯಿಯ ಹೊಟ್ಟೆ ಟ್ಯಾಂಕರ್ ನೀರಿನ ಹಾಗೆ. ಬಂದಾಗ ಬಂತು, ಆಮೇಲೆ ಇಲ್ಲ. ಕುರಿಯದ್ದು ನಿಮ್ಮೂರಿನ ಎಡದಂಡೆ ಕಾಲುವೆ. ಮುನಿರಾಬಾದಿನ ಡ್ಯಾಮಿನಲ್ಲಿ ನೀರು ನಿಂತಿರುತ್ತೆ, ಮಳೆ ಬಂದರೂ ಬಿಟ್ಟರೂ ಗೇಟಿನಿಂದ ಕಾಲುವೆಗೆ ಹರೀತಾ ಇರುತ್ತೆ. ಕುರಿಯ ದೊಡ್ಡ ಹೊಟ್ಟೆ ಆ ಡ್ಯಾಮು. ಅದರ ಪಕ್ಕದ ಜೇನುಗೂಡಿನಂಥ ಚೀಲ ಗೇಟು. ಅಲ್ಲಿಂದ ಪುಸ್ತಕದ ಹಾಳೆಯಂಥ ಪದರದ ಹೊಟ್ಟೆ, ಆಮೇಲೆ ನಾಲ್ಕನೆಯದು. ನಮ್ಮ ಹೊಟ್ಟೆಯ ಹಾಗೆ ಆಮ್ಲ, ಪೆಪ್ಸಿನ್ ಸುರಿಸೋದು ಆ ನಾಲ್ಕನೆಯದೊಂದೇ. ಅದಕ್ಕೆ ಮೇಲಿಂದ ಸ್ವಲ್ಪ ಸ್ವಲ್ಪ ಬರ್ತಾನೇ ಇರುತ್ತೆ. ಹಾಗಾಗಿ ಅದರ ಆಮ್ಲಕ್ಕೂ ರಜೆ ಇಲ್ಲ. ಗ್ಯಾಸ್ಟ್ರಿನ್ ಆಮ್ಲವನ್ನು ಏರಿಸುತ್ತೆ. ಆಮ್ಲ ಜಾಸ್ತಿಯಾದರೆ ಸೊಮಾಟೊಸ್ಟಾಟಿನ್ ಅನ್ನೋ ಇನ್ನೊಂದು ಬಂದು ಗ್ಯಾಸ್ಟ್ರಿನ್ನಿನ ಬಾಯಿ ಮುಚ್ಚಿಸುತ್ತೆ. ಈ ಜಗ್ಗಾಟ ದಿನಪೂರ್ತಿ. ಈ ಗ್ಯಾಸ್ಟ್ರಿನ್ ನೆನಪಿಟ್ಟುಕೋ, ಕೆಳಗೆ ಲಿಂಗಸುಗೂರಿನವರ ಉತ್ತರದಲ್ಲಿ ಬೇಕಾಗುತ್ತೆ.

ಮೇದೋಜೀರಕ ರಸವೂ ಕುರಿಯಲ್ಲಿ ನಿಲ್ಲದೆ ಜಿನುಗುತ್ತೆ, ಆದರೆ ಅದರಲ್ಲಿ ಆಮ್ಲ ತಣಿಸೋ ಶಕ್ತಿ ಕಡಿಮೆ. ಆ ರಸದ ನಾಳ ಹೋಗಿ ಪಿತ್ತನಾಳಕ್ಕೇ ಸೇರುತ್ತೆ. ಎರಡೂ ಒಂದೇ ಬಾಯಿಂದ ಕರುಳಿಗೆ ಬೀಳುತ್ತವೆ. ಹಾಗಾಗಿ ಕುರಿಯ ಸಣ್ಣಕರುಳಿನ ಮೊದಲ ಭಾಗ ಬಹಳ ದೂರದವರೆಗೆ ಹುಳಿಯಾಗೇ ಇರುತ್ತೆ.

ಇನ್ನು ನಿಮ್ಮ ಪುಸ್ತಕದಲ್ಲಿ ಇಲ್ಲದ್ದು ಒಂದು. ನಿನಗೆ ಹಸಿವಾದಾಗ ಹೊಟ್ಟೆ ಗುರ್ ಅನ್ನುತ್ತಲ್ಲ? ಖಾಲಿ ಕರುಳನ್ನು ಮೇಲಿಂದ ಕೆಳಗೆ ಗುಡಿಸಿಕೊಂಡು ಹೋಗೋ ಒಂದು ಅಲೆ ಅದು. ಮನುಷ್ಯರಲ್ಲಿ ಮೋಟಿಲಿನ್ ಅನ್ನೋ ಹಾರ್ಮೋನ್ ಅದನ್ನು ಎಬ್ಬಿಸುತ್ತೆ. ಒಂದು ರೊಟ್ಟಿ ತಿಂದರೆ ಅಲೆ ಬಂದ್. ನಾಯಿಯಲ್ಲೂ ಹಾಗೇ. 1972ರಲ್ಲಿ ಫ್ರಾನ್ಸಿನ ಗ್ರಿವೆಲ್ ಮತ್ತು ರುಕೆಬುಶ್ ಕುರಿಯ ಕರುಳಿಗೆ ವಿದ್ಯುತ್ ತಂತಿ ಕೂರಿಸಿ ನೋಡಿದರು. ಕುರಿಯಲ್ಲಿ ಈ ಅಲೆ ತಿಂದರೂ ನಿಲ್ಲಲ್ಲ, ಉಪವಾಸವಿದ್ದರೂ ನಿಲ್ಲಲ್ಲ. ಒಂದೂವರೆ ಎರಡು ತಾಸಿಗೊಂದು, ಹಗಲು ರಾತ್ರಿ. ಯಾಕೆ ಅಂತ ಡ್ಯಾಮಿನ ಕಥೆ ಕೇಳಿದ ಮೇಲೆ ನೀನೇ ಹೇಳಬಹುದು. ಕರುಳಿಗೆ "ಊಟದ ಹೊತ್ತು" ಅನ್ನೋದೇ ಗೊತ್ತಿಲ್ಲ. ಅದಕ್ಕೆ ಬರೋದು ಯಾವಾಗಲೂ ಒಂದೇ ಸಮ.

ಸಿಸಿಕೆ ಬಗ್ಗೆಯೂ ಒಂದು ಮಾತು. ಅದನ್ನು ಕುರಿಯ ರಕ್ತಕ್ಕೆ ಕೊಟ್ಟರೆ ಪಿತ್ತಕೋಶ ಹಿಂಡುತ್ತೆ, ದೊಡ್ಡ ಹೊಟ್ಟೆಯ ಒತ್ತು ಕಡಿಮೆಯಾಗುತ್ತೆ. 1979ರಲ್ಲಿ ಅಮೆರಿಕದ ಡೆಲ್ಲಾ-ಫೆರಾ ಮತ್ತು ಬೇಲ್ ಅದನ್ನು ಕುರಿಯ ಮಿದುಳಿನೊಳಗಿನ ದ್ರವಕ್ಕೇ, ಎಣಿಸೋಕೂ ಆಗದಷ್ಟು ಸಣ್ಣ ಪ್ರಮಾಣದಲ್ಲಿ ಬಿಟ್ಟರು. ಹಸಿದ ಕುರಿ ಮೇವು ತಿನ್ನೋದು ಕಡಿಮೆ ಮಾಡಿತು. ಹೊಟ್ಟೆ ತುಂಬಿದೆ ಅನ್ನೋ ಸುದ್ದಿ ಮಿದುಳಿಗೆ ಹೀಗೂ ಮುಟ್ಟುತ್ತೆ. ನಿಮ್ಮ ಮನೆಯಲ್ಲಿ ಕುರಿಗೆ ಹತ್ತಿಕಾಳು, ಶೇಂಗಾ ಹಿಂಡಿ ಹಾಕ್ತಾರಾ? ಎಣ್ಣೆ ಅಂಶ ಜಾಸ್ತಿಯಾದ ದಿನ ಕಣಿಕೆ ಬಿಟ್ಟು ನಿಲ್ಲುತ್ತೋ ಇಲ್ಲವೋ ನೋಡಿ ಬರೆ.

ಪ್ರಶ್ನೆ: ಕುರಿ ಬೇಗ ದಪ್ಪ ಆಗೋಕೆ ಹಾರ್ಮೋನ್ ಇಂಜೆಕ್ಷನ್ ಕೊಡಿಸಲಾ?
— ರಾಯಚೂರು

ಉತ್ತರ: ಬೇಡ. ಆ ದುಡ್ಡಿಗೆ ಹಿಂಡಿ ತನ್ನಿ.

ಪ್ರಶ್ನೆ: ನಮ್ಮ ಕುರಿಗಳು ಮಣ್ಣಿನ ಗೋಡೆ ನೆಕ್ಕುತ್ತವೆ, ನಾನು ಕೂತರೆ ಬೆವರಿದ ಅಂಗಿ ನೆಕ್ಕುತ್ತವೆ, ಉಚ್ಚೆ ಹೊಯ್ದ ಜಾಗಕ್ಕೂ ಬಾಯಿ ಹಾಕುತ್ತವೆ. ಹುಚ್ಚೇನಾದರೂ ಹಿಡಿಯಿತಾ ಅಂತ ಮನೆಯವರು ಹೆದರಿದ್ದಾರೆ.
— ಸಂಡೂರು, ಬಳ್ಳಾರಿ ಜಿಲ್ಲೆ

ಉತ್ತರ: ಹುಚ್ಚಲ್ಲ ಬಿಡಿ ಅಣ್ಣಾರೆ, ಉಪ್ಪಿನ ಆಸೆ. ಇದರ ಹಿಂದೆಯೂ ಒಂದು ಹಾರ್ಮೋನ್ ಇದೆ, ಮತ್ತು ಅದು ಕೆಲಸ ಮಾಡೋದು ಜೊಲ್ಲಿನಲ್ಲಿ.

ಜೊಲ್ಲು ಎಷ್ಟು ಬರಬೇಕು ಅನ್ನೋದು ನರದ ಕೈಯಲ್ಲಿದೆ. ಅದರೊಳಗೆ ಏನಿರಬೇಕು ಅನ್ನೋದನ್ನು ಅಲ್ಡೋಸ್ಟೆರೋನ್ ಬದಲಾಯಿಸುತ್ತೆ. ಮಾಮೂಲಿಯಾಗಿ ಕುರಿಯ ಜೊಲ್ಲಿನಲ್ಲಿ ಸೋಡಿಯಂ ರಾಶಿ, ಪೊಟ್ಯಾಸಿಯಂ ಚೂರು. ದಿನಕ್ಕೆ ಅಷ್ಟು ಲೀಟರ್ ಜೊಲ್ಲು ಹೊಟ್ಟೆಯಲ್ಲಿ ಇರೋದರಿಂದ ದೊಡ್ಡ ಹೊಟ್ಟೆಯೇ ಉಪ್ಪಿನ ಹಗೇವು ಇದ್ದ ಹಾಗೆ. ಮೈಯಲ್ಲಿ ಸೋಡಿಯಂ ಕಡಿಮೆಯಾದರೆ ಅಲ್ಡೋಸ್ಟೆರೋನ್ ಏರುತ್ತೆ. ಜೊಲ್ಲಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಹೋಗುತ್ತೆ. ಹೊಟ್ಟೆಯ ಹಗೇವಿನಿಂದ ಉಪ್ಪು ತೆಗೆದು ರಕ್ತಕ್ಕೆ ಹಾಕಿಕೊಂಡಂತೆ ಆಯಿತು. ಇದನ್ನು ಕುರಿಯಲ್ಲೇ ಬಿಡಿಸಿ ತೋರಿಸಿದವರು ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿದ್ದ ಡೆರೆಕ್ ಡೆಂಟನ್ ಮತ್ತು ಅವರ ಜೊತೆಯವರು. ಜೊಲ್ಲನ್ನು ಹೊರಗೆ ಹರಿಸಿ ಸೋಡಿಯಂ ಕಳೆದುಕೊಂಡ ಕುರಿಗಳ ಮುಂದೆ ಸೋಡಾ ನೀರಿಟ್ಟರೆ, ತಮಗೆ ಎಷ್ಟು ಕೊರತೆ ಇದೆಯೋ ಹೆಚ್ಚುಕಡಿಮೆ ಅಷ್ಟೇ ಕುಡಿದು ಬಾಯಿ ತೆಗೆದವಂತೆ. ನಮ್ಮ ಹೋಟೆಲಿನ ಸಾರಿಗೆ ಉಪ್ಪು ಹಾಕೋನಿಗೆ ಅಷ್ಟು ಲೆಕ್ಕ ಇದ್ದಿದ್ದರೆ!

ಹಟ್ಟಿಯಲ್ಲಿ ಉಪ್ಪಿನ ಗಟ್ಟಿ ತೂಗುಹಾಕಿ, ಪಕ್ಕದಲ್ಲಿ ಧಾರಾಳ ನೀರಿಡಿ. ಹದಿನೈದು ದಿನವಾದರೂ ಗೋಡೆ ನೆಕ್ಕೋದು ನಿಲ್ಲದಿದ್ದರೆ ರಂಜಕದ ಕೊರತೆ, ಜಂತು ಎರಡನ್ನೂ ನೋಡಿಸಬೇಕು.

ಪ್ರಶ್ನೆ: ಮಳೆ ಚೆನ್ನಾಗಿದೆ, ಹುಲ್ಲು ಮೊಳಕಾಲಿಗೆ ಬಂದಿದೆ. ಆದರೂ ನಾಲ್ಕು ಮರಿಗಳು ಹಿಂಡಿನ ಹಿಂದೆ ಉಳಿಯುತ್ತವೆ, ಮೇಯೋದು ಕಡಿಮೆ. ಸಂಜೆ ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಬಾವು. ಹಸಿವಾಗೋ ಔಷಧಿ ಪುಡಿ ಎರಡು ಸಲ ಹಾಕಿದೆ, ಉಪಯೋಗವಿಲ್ಲ.
— ಲಿಂಗಸುಗೂರು, ರಾಯಚೂರು ಜಿಲ್ಲೆ

ಉತ್ತರ: ಮರಿಯ ಕಣ್ಣಿನ ಕೆಳರೆಪ್ಪೆ ಹೆಬ್ಬೆರಳಿನಿಂದ ಎಳೆದು ಬಿಸಿಲಿನಲ್ಲಿ ನೋಡಿ. ಕೆಂಪಗಿದ್ದರೆ ನನ್ನ ಊಹೆ ತಪ್ಪು. ಬಿಳಿ ಕಾಗದದ ಹಾಗಿದ್ದರೆ ಹಿಮಾಂಕಸ್ ಅನ್ನೋ ಜಂತು. ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಕುಡಿಯುತ್ತೆ. ಒಂದು ಹುಳು ದಿನಕ್ಕೆ 0.05 ಮಿಲಿಲೀಟರ್ ರಕ್ತ ತೆಗೆಯುತ್ತೆ. ಸಾವಿರ ಹುಳು ಅಂದರೆ 50 ಮಿಲಿ. 15 ಕೆ.ಜಿ. ಮರಿಯ ಮೈಯಲ್ಲಿ ಒಟ್ಟು ರಕ್ತವೇ ಒಂದು ಲೀಟರ್ ಆಸುಪಾಸು. ರಕ್ತದಲ್ಲಿ ಪ್ರೋಟೀನ್ ಕಡಿಮೆಯಾಗಿ ನೀರು ಗದ್ದಕ್ಕೆ ಇಳಿಯುತ್ತೆ. ದಿನವಿಡೀ ತಲೆ ಬಗ್ಗಿಸಿ ಮೇಯೋದರಿಂದ ಸಂಜೆಗೆ ಬಾವು ಜಾಸ್ತಿ.

ಇರಲಿ, ನೀವು ಕೇಳಿದ್ದು ಹಸಿವಿನ ಮಾತು. ಹುಲ್ಲು ಮುಂದಿದ್ದರೂ ಯಾಕೆ ತಿನ್ನಲ್ಲ? ಜಂತು ಕೂತ ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾಗುತ್ತೆ. ಆಮ್ಲ ಜಾಸ್ತಿಯಾದರೆ ಗ್ಯಾಸ್ಟ್ರಿನ್ನಿನ ಬಾಯಿ ಮುಚ್ಚಿಸೋ ಕಥೆ ಮೇಲೆ ಆ ಹುಡುಗಿಗೆ ಹೇಳಿದೆನಲ್ಲ, ಇಲ್ಲಿ ಮುಚ್ಚಿಸೋರೇ ಇಲ್ಲ. ಜಂತಿರೋ ಕುರಿಯ ರಕ್ತದಲ್ಲಿ ಗ್ಯಾಸ್ಟ್ರಿನ್ ಏರಿ ಕೂತಿರುತ್ತೆ. ಗ್ಯಾಸ್ಟ್ರಿನ್ ಜಾಸ್ತಿಯಾದರೆ ದೊಡ್ಡ ಹೊಟ್ಟೆಯ ಒತ್ತು ನಿಧಾನವಾಗುತ್ತೆ. ಕರುಳಿನಲ್ಲಿರೋ ಬೇರೆ ಜಾತಿಯ ಜಂತುಗಳಿಂದ ಸಿಸಿಕೆಯೂ ಏರುತ್ತೆ. ಮರಿಗೆ ಹೊಟ್ಟೆ ತುಂಬಿದೆ ಅನ್ನೋ ಸುಳ್ಳು ಸುದ್ದಿ ಹೋಗ್ತಾ ಇರುತ್ತೆ. ಅದಕ್ಕೇ ಹಸಿವಿನ ಪುಡಿ ಕೆಲಸ ಮಾಡಲಿಲ್ಲ.

ನಾಲ್ಕು ಮರಿಯ ಹಿಕ್ಕೆ ಬೇರೆ ಬೇರೆ ಚೀಟಿಯಲ್ಲಿ ಕಟ್ಟಿ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಜಂತಿನ ಔಷಧಿಯನ್ನು ತೂಕ ನೋಡಿ ಕೊಡಿಸಿ, ಕಣ್ಣಳತೆಗೆ ಕಡಿಮೆ ಕೊಟ್ಟರೆ ಹುಳು ಸಾಯಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತೆ. ಒಂದು ಹೆಣ್ಣು ಹಿಮಾಂಕಸ್ ದಿನಕ್ಕೆ ಐದು ಸಾವಿರಕ್ಕೂ ಜಾಸ್ತಿ ಮೊಟ್ಟೆ ಇಡುತ್ತೆ. ಹಾಗಾಗಿ ಔಷಧಿ ಹಾಕಿಸಿ ಅದೇ ಹಸಿ ಹುಲ್ಲಿಗೆ ವಾಪಸ್ ಬಿಟ್ಟರೆ ತಿಂಗಳೊಳಗೆ ನನಗೆ ಮತ್ತೆ ಪತ್ರ ಬರೆಯುತ್ತೀರಿ. ಕಣ್ಣು ತೀರ ಬೆಳ್ಳಗಿರೋ ಮರಿಯನ್ನು ಓಡಿಸಬೇಡಿ, ಹಟ್ಟಿಯಲ್ಲೇ ಮೇವು ಕೊಡಿ. ಓಡಿಸಿದರೆ ದಾರಿಯಲ್ಲೇ ಬೀಳಬಹುದು.

ಪ್ರಶ್ನೆ: ಶೆಡ್ಡಿನಲ್ಲಿ ಹತ್ತು ಟಗರು ಕಟ್ಟಿ ಮೇಯಿಸುತ್ತೇನೆ. ಬೆಳಿಗ್ಗೆ 7ಕ್ಕೆ, ಸಂಜೆ 5ಕ್ಕೆ ಮೇವು. ಆರೂ ಮುಕ್ಕಾಲಿಗೇ ಒಂದೇ ಸಮ ಅರಚುತ್ತವೆ. ನಾನಿನ್ನೂ ಹಾಸಿಗೆಯಲ್ಲಿರುತ್ತೇನೆ, ಅವಕ್ಕೆ ಗಂಟೆ ಹೇಗೆ ಗೊತ್ತಾಗುತ್ತೆ?
— ಸಿರುಗುಪ್ಪ, ಬಳ್ಳಾರಿ ಜಿಲ್ಲೆ

ಉತ್ತರ: ಗಂಟೆ ಕಲಿಸಿದವರು ನೀವೇ. 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ತಂಡ ಹೊಟ್ಟೆಯಿಂದ ಬರೋ ಘ್ರೆಲಿನ್ ಅನ್ನೋ ಹಾರ್ಮೋನ್ ಕಂಡುಹಿಡಿಯಿತು. ಮೇಲೆ ಹೇಳಿದ ಸಿಸಿಕೆ "ಸಾಕು" ಅನ್ನೋ ಜಾತಿಯದು, ಇದು "ತಿನ್ನು" ಅನ್ನೋದು. ಆಮೇಲೆ ಜಪಾನಿನವರೇ ಹೊತ್ತಿಗೆ ಸರಿಯಾಗಿ ಮೇವು ಹಾಕಿ ರೂಢಿ ಮಾಡಿಸಿದ ಕುರಿಗಳ ರಕ್ತ ನೋಡಿದರು. ಮೇವು ಬೀಳೋ ಸ್ವಲ್ಪ ಮುಂಚೆ ಘ್ರೆಲಿನ್ ಏರುತ್ತೆ, ತಿಂದ ಮೇಲೆ ಇಳಿಯುತ್ತೆ. ಯಾವಾಗಲೂ ಮೇವು ಮುಂದಿರೋ ಕುರಿಗಳಲ್ಲಿ ಆ ಏರಿಳಿತ ಅಷ್ಟು ಕಾಣಲಿಲ್ಲ. ಹಾಗಾಗಿ ಬಯಲಲ್ಲಿ ಮೇಯೋ ಹಿಂಡಿನವರು ಯಾರೂ ನನಗೆ ಈ ಪ್ರಶ್ನೆ ಕೇಳಿಲ್ಲ.

ಒಂದು ಎಚ್ಚರ. ಹೀಗೆ ಕಾದು ಕೂತ ಟಗರಿಗೆ 7 ಗಂಟೆಯ ಮೇವಿನಲ್ಲಿ ನುಚ್ಚು, ಹಿಂಡಿಯನ್ನೇ ಮೊದಲು ಸುರಿಯಬೇಡಿ. ಗಬಗಬ ತಿಂದು ಕುಷ್ಟಗಿಯವರ ಕಥೆಯಾಗುತ್ತೆ. ಮೊದಲು ಕಣಿಕೆ ಹಾಕಿ, ಅರ್ಧ ತಾಸು ಅಗಿಯಲಿ, ಆಮೇಲೆ ಹಿಂಡಿ. ಅರಚೋದು ನಿಲ್ಲಲೇಬೇಕು ಅಂದರೆ ರಾತ್ರಿ ಮಲಗೋ ಮುಂಚೆ ಒಂದು ಹಿಡಿ ಕಣಿಕೆ ಗೋದಲಿಯಲ್ಲಿ ಬಿಟ್ಟು ಮಲಗಿ. ಹತ್ತು ದಿನ ನೋಡಿ. ಆಮೇಲೂ ಆರೂ ಮುಕ್ಕಾಲಿಗೆ ಅರಚಿದರೆ, ನೀವೇ ಆರೂವರೆಗೆ ಎದ್ದುಬಿಡಿ.